ಅಂಗಾತದಿಂದ ಬೋರಲಿಗೆ

“ಬೋರಲು ಮಲಗಬೇಡ, ಉಸಿರು ಕಟ್ಟೀತು!”

ಕನ್ನಡನಾಡಿನ ಮನೆಗಳಲ್ಲಿ ಈ ಗದರಿಕೆಯನ್ನು ಕೇಳದೆ ಬೆಳೆದ ಮಕ್ಕಳು ವಿರಳ. ಬೇಸಗೆಯ ಮಧ್ಯಾಹ್ನ ತಣ್ಣನೆಯ ನೆಲದ ಮೇಲೆ ಎದೆಯೂರಿ ಮಲಗಿ ಕಥೆಯ ಪುಸ್ತಕದಲ್ಲಿ ಮುಳುಗಿದ ಹುಡುಗನನ್ನು ಅಜ್ಜಿ ಬಂದು ಎಬ್ಬಿಸುತ್ತಾಳೆ. ಮಲಗುವುದಾದರೆ ಅಂಗಾತ ಮಲಗಬೇಕು, ಇಲ್ಲವೆ ಮಗ್ಗುಲಾಗಬೇಕು. ಎದೆಯನ್ನು ನೆಲಕ್ಕೊತ್ತಿ ಮಲಗಿದರೆ ಉಸಿರಿಗೆ ಎಡೆಯೆಲ್ಲಿ? ಅಜ್ಜಿಯ ತರ್ಕ ಸರಳವಾದುದು, ಮೇಲುನೋಟಕ್ಕೆ ಯಾರೂ ಒಪ್ಪತಕ್ಕದ್ದು. ಆಸ್ಪತ್ರೆಗಳೂ ಬಹುಕಾಲ ಅದನ್ನೇ ಒಪ್ಪಿ ನಡೆದವು.

ಆದಕಾರಣ, ತೀವ್ರ ನಿಗಾ ಘಟಕದ ಗಾಜಿನ ಕಿಟಕಿಯ ಹೊರಗೆ ನಿಂತ ಗೃಹಿಣಿಯೊಬ್ಬಳು ಒಳಗಿನ ದೃಶ್ಯವನ್ನು ಕಂಡು ಬೆಚ್ಚಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಆಕೆಯ ಪತಿಯ ಬಾಯಿಯೊಳಗೆ ನಳಿಕೆಯಿದೆ. ಉಸಿರಾಟ ಯಂತ್ರದ್ದು, ಪ್ರಜ್ಞೆ ಔಷಧಿಯ ವಶದಲ್ಲಿದೆ. ನಿನ್ನೆಯವರೆಗೆ ಮುಖವಾದರೂ ಕಾಣುತ್ತಿತ್ತು. ಇಂದು ಕಾಣುವುದು ಬೆನ್ನು ಮಾತ್ರ. ಉಸಿರಾಡಲಾರದವರನ್ನು ಎದೆಯ ಮೇಲೆಯೇ ಕವುಚಿ ಹಾಕಿದ್ದಾರಲ್ಲ ಎಂದು ಆಕೆ ಕಂಗಾಲಾಗುತ್ತಾಳೆ. “ಗಾಬರಿ ಬೀಳಬೇಡಿ ಅಮ್ಮಾ, ಬೇಕೆಂದೇ ಹೀಗೆ ಮಲಗಿಸಿದ್ದೇವೆ. ನಾಳೆ ಬೆಳಿಗ್ಗೆ ಮತ್ತೆ ಅಂಗಾತ ಮಾಡುತ್ತೇವೆ,” ಎಂದು ದಾದಿ ಸಮಾಧಾನ ಹೇಳುತ್ತಾಳೆ. ಬೇಕೆಂದೇ! ಈ ಒಂದು ಮಾತಿನ ಹಿಂದೆ ಸುಮಾರು ನಾಲ್ವತ್ತು ವರ್ಷಗಳ ಚರ್ಚೆ, ನಿರಾಶೆ ಮತ್ತು ಹಟಗಳ ಇತಿಹಾಸವಿದೆ ಎಂಬುದು ಆ ತಾಯಿಗೆ ಹೇಗೆ ತಿಳಿಯಬೇಕು?

ಹನ್ನೆರಡು ಮಂದಿ ರೋಗಿಗಳು

೧೯೬೭ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ‘ಲ್ಯಾನ್ಸೆಟ್’ ಎಂಬ ಹೆಸರಾಂತ ಇಂಗ್ಲಿಷ್ ವೈದ್ಯಪತ್ರಿಕೆ ಒಂದು ಲೇಖನವನ್ನು ಪ್ರಕಟಿಸಿತು. ಬರೆದವರು ಅಮೆರಿಕದ ಡೆನ್ವರ್ ನಗರದ ಆಷ್‌ಬೊ, ಬಿಗೆಲೊ, ಪೆಟಿ ಮತ್ತು ಲೆವೀನ್ ಎಂಬ ನಾಲ್ವರು ವೈದ್ಯರು. ಅವರು ವರ್ಣಿಸಿದ್ದು ಹನ್ನೆರಡು ಮಂದಿ ರೋಗಿಗಳನ್ನು. ಕೆಲವರಿಗೆ ಅಪಘಾತವಾಗಿತ್ತು, ಕೆಲವರಿಗೆ ವೈರಸ್ಸಿನ ಸೋಂಕು ತಗಲಿತ್ತು, ಒಬ್ಬನಿಗೆ ಮೇದೋಜೀರಕ ಗ್ರಂಥಿಯ ಉರಿಯೂತ. ಮೂಲವ್ಯಾಧಿಗಳು ಬೇರೆ ಬೇರೆ. ಆದರೆ ಕೆಲವು ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಎಲ್ಲರಿಗೂ ಒಂದೇ ಗತಿ ಒದಗಿತು. ಏದುಸಿರು ಹತ್ತಿತು, ಮೈ ನೀಲಿಗಟ್ಟಿತು, ಎಷ್ಟು ಆಮ್ಲಜನಕ ಕೊಟ್ಟರೂ ರಕ್ತಕ್ಕೆ ಸೇರದಾಯಿತು. ಹನ್ನೆರಡು ಮಂದಿಯಲ್ಲಿ ಏಳು ಮಂದಿ ತೀರಿಕೊಂಡರು. ಶವಪರೀಕ್ಷೆಯಲ್ಲಿ ಕಂಡ ಶ್ವಾಸಕೋಶ ಹೂವಿನಂತೆ ಹಗುರವಾಗಿರಲಿಲ್ಲ. ಭಾರವಾಗಿ, ಗಡುಸಾಗಿ, ಪಿತ್ತಜನಕಾಂಗದ ತುಂಡಿನಂತಿತ್ತು.

ಆರೋಗ್ಯವಂತನ ಎದೆಯಲ್ಲಿ ಸುಮಾರು ನಾಲ್ವತ್ತೆಂಟು ಕೋಟಿ ಗಾಳಿಗೂಡುಗಳಿವೆ. ಒಂದೊಂದು ಗೂಡಿನ ಸುತ್ತಲೂ ಕೂದಲಿಗಿಂತ ಸಣ್ಣ ರಕ್ತನಾಳಗಳ ಬಲೆ. ಗಾಳಿಗೂ ರಕ್ತಕ್ಕೂ ನಡುವೆ ಇರುವುದು ಅತಿ ತೆಳುವಾದ ಪೊರೆ. ಈ ವ್ಯಾಧಿಯಲ್ಲಿ ಆ ಪೊರೆ ಉರಿಯೂತದಿಂದ ಸೋರತೊಡಗುತ್ತದೆ. ರಕ್ತದ ನೀರು ಗೂಡುಗಳಿಗೆ ನುಗ್ಗುತ್ತದೆ. ಹೊರಗಿನ ಹೊಳೆ ಕೆರೆಗಳ ನೆರವಿಲ್ಲದೆ ಮನುಷ್ಯ ತನ್ನ ಮೈಯ ನೀರಿನಲ್ಲೇ ಮುಳುಗುತ್ತಾನೆ. ವೈದ್ಯರು ಇದನ್ನು ‘ತೀವ್ರ ಶ್ವಾಸಸಂಕಟ ಲಕ್ಷಣಕೂಟ’ ಎಂದು ಕರೆಯುತ್ತಾರೆ. ಅದರಲ್ಲಿ ಸೌಮ್ಯವಾದುದಕ್ಕೆ ೧೯೯೪ರಿಂದ ‘ತೀವ್ರ ಶ್ವಾಸಕೋಶ ಗಾಯ’ ಎಂಬ ಬೇರೆ ಹೆಸರೂ ಇತ್ತು. ೨೦೧೨ರಲ್ಲಿ ಬರ್ಲಿನ್ ನಗರದ ಹೆಸರಿನಿಂದ ಪ್ರಸಿದ್ಧವಾದ ಹೊಸ ವ್ಯಾಖ್ಯೆ ಅದನ್ನು ಕೈಬಿಟ್ಟು, ಸೌಮ್ಯ, ಮಧ್ಯಮ, ತೀವ್ರ ಎಂದು ಮೂರು ದರ್ಜೆ ಮಾಡಿತು. ಹೆಸರು ಏನೇ ಇರಲಿ, ಸಂಕಟ ಒಂದೇ.

ನೀರು ತುಂಬಿದ ಶ್ವಾಸಕೋಶಕ್ಕೆ ನೇರವಾದ ಮದ್ದು ಇಲ್ಲ. ಮೂಲರೋಗಕ್ಕೆ ಚಿಕಿತ್ಸೆ ಮಾಡುತ್ತ, ಗಾಯ ತಾನಾಗಿ ಮಾಯುವವರೆಗೆ ಯಂತ್ರದಿಂದ ಉಸಿರಾಡಿಸುವುದೇ ಉಪಾಯ. ಈ ಉಪಾಯಕ್ಕೂ ಒಂದು ಹುಟ್ಟಿದ ದಿನ ಹುಟ್ಟಿದ ಊರುಗಳಿವೆ. ೧೯೫೨ರಲ್ಲಿ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಮಾರಿ ಎದ್ದಿತು. ಉಸಿರಾಟದ ಸ್ನಾಯುಗಳೇ ಸೋತ ಮಕ್ಕಳು ಬ್ಲೆಗ್ಡಮ್ ಆಸ್ಪತ್ರೆಯನ್ನು ತುಂಬಿದರು. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞ ಆಗಸ್ಟ್ ೨೭ರಂದು ಹನ್ನೆರಡು ವರ್ಷದ ಬಾಲಿಕೆಯೊಬ್ಬಳ ಕತ್ತಿನಲ್ಲಿ ರಂಧ್ರ ಮಾಡಿ, ನಳಿಕೆ ಇಳಿಸಿ, ರಬ್ಬರಿನ ಚೀಲವನ್ನು ಅದುಮಿ ಅದುಮಿ ಗಾಳಿಯನ್ನು ಒಳಕ್ಕೆ ತಳ್ಳಿದ. ಹುಡುಗಿ ಬದುಕಿದಳು. ಅಲ್ಲಿಂದ ಮುಂದೆ ಸುಮಾರು ೧,೫೦೦ ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲಿರುಳು ರೋಗಿಗಳ ಪಕ್ಕದಲ್ಲಿ ಕುಳಿತು ಚೀಲ ಅದುಮಿದರು. ಆ ಕೈಗಳ ಕೆಲಸವನ್ನೇ ಮುಂದೆ ಯಂತ್ರ ವಹಿಸಿಕೊಂಡಿತು. ಅದೇ ಇಂದಿನ ವೆಂಟಿಲೇಟರ್.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸಹಜವಾಗಿ ಉಸಿರಾಡುವಾಗ ವಪೆ ಕೆಳಗಿಳಿದು, ಎದೆಗೂಡು ಹಿಗ್ಗಿ, ಗಾಳಿಯನ್ನು ಒಳಕ್ಕೆ ಸೆಳೆಯುತ್ತದೆ. ಯಂತ್ರವಾದರೋ ಗಾಳಿಯನ್ನು ತಳ್ಳುತ್ತದೆ. ತಳ್ಳಿದ ಗಾಳಿ ದಾರಿ ಸುಲಭವಿದ್ದ ಕಡೆಗೆ ಹೋಗುವುದು ನ್ಯಾಯವಷ್ಟೆ. ಮುಚ್ಚಿಹೋದ ಗೂಡುಗಳು ಮುಚ್ಚಿಯೇ ಇರುತ್ತವೆ. ತೆರೆದಿರುವ ಕೆಲವೇ ಗೂಡುಗಳು ಎಲ್ಲರ ಪಾಲಿನ ಗಾಳಿಯನ್ನೂ ಹೊತ್ತು ಅತಿಯಾಗಿ ಉಬ್ಬಿ, ಅವೂ ಗಾಯಗೊಳ್ಳುತ್ತವೆ. ಇಟಲಿಯ ಮಿಲಾನಿನ ಲುಚಾನೊ ಗಟ್ಟಿನೋನಿ ಮತ್ತು ಸಂಗಡಿಗರು ೧೯೮೦ರ ದಶಕದಲ್ಲಿ ಇಂಥ ರೋಗಿಗಳ ಎದೆಯನ್ನು ಸಿ.ಟಿ. ಸ್ಕ್ಯಾನ್ ಯಂತ್ರದಿಂದ ಪರೀಕ್ಷಿಸಿದಾಗ ಈ ಸತ್ಯ ಕಣ್ಣಿಗೆ ಕಟ್ಟಿತು. ರೋಗ ಉಲ್ಬಣಿಸಿದಾಗ ದೊಡ್ಡ ಆಳಿನ ಎದೆಯಲ್ಲಿ ಗಾಳಿಯಾಡುವ ಭಾಗ ಐದಾರು ವರ್ಷದ ಮಗುವಿನ ಶ್ವಾಸಕೋಶದಷ್ಟೇ ಉಳಿದಿರುತ್ತದೆ. ‘ಶಿಶು ಶ್ವಾಸಕೋಶ’ ಎಂದು ಅವರು ಅದಕ್ಕೆ ಹೆಸರಿಟ್ಟರು. ಶಿಶುವಿಗೆ ದೊಡ್ಡವರ ತುತ್ತನ್ನು ತುರುಕಿದರೆ ಏನಾದೀತು? ೨೦೦೦ದಲ್ಲಿ ಅಮೆರಿಕದಲ್ಲಿ ೮೬೧ ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲ ಪ್ರಕಟವಾಯಿತು. ದೇಹದ ಎತ್ತರಕ್ಕೆ ತಕ್ಕ ತೂಕದ ಪ್ರತಿ ಕಿಲೋಗ್ರಾಮಿಗೆ ೧೨ ಮಿಲಿಲೀಟರ್ ಗಾಳಿ ಪಡೆದವರಲ್ಲಿ ನೂರಕ್ಕೆ ಸುಮಾರು ೪೦ ಮಂದಿ ಸತ್ತರೆ, ಬರಿಯ ೬ ಮಿಲಿಲೀಟರ್ ಪಡೆದವರಲ್ಲಿ ಸತ್ತವರು ೩೧. ಕಡಿಮೆ ಕೊಟ್ಟದ್ದೇ ಉಪಕಾರವಾಯಿತು!

ಬೆನ್ನಿನ ಕಡೆಯ ಗುಟ್ಟು

ಹಾಗಾದರೆ ಬೋರಲು ಮಲಗಿಸುವ ಯೋಚನೆ ಎಲ್ಲಿಂದ ಬಂತು? ಕೆನಡಾ ದೇಶದ ಟೊರೊಂಟೊ ನಗರದ ಬ್ರಯಾನ್ ಎಂಬ ವೈದ್ಯ ೧೯೭೪ರಲ್ಲಿಯೇ ಇದನ್ನು ಸೂಚಿಸಿದ್ದ: ಸ್ನಾಯುಗಳನ್ನು ಸಡಿಲಗೊಳಿಸಿ ಯಂತ್ರದ ಮೇಲಿಟ್ಟವರನ್ನು ಬೋರಲು ಮಾಡಿದರೆ ಬೆನ್ನಿನ ಕಡೆಯ ಶ್ವಾಸಕೋಶ ಚೆನ್ನಾಗಿ ಅರಳಬಹುದೆಂದು. ೧೯೭೬ರಲ್ಲಿ ಪೀಲ್ ಮತ್ತು ಬ್ರೌನ್ ಎಂಬ ಇಬ್ಬರು ಐದು ಮಂದಿ ರೋಗಿಗಳನ್ನು ಹೀಗೆ ತಿರುಗಿಸಿ ನೋಡಿದರು. ಅದಕ್ಕೆ ಅವರು ಬಳಸಿದ್ದು ದೊಡ್ಡ ಬಳೆಯಂಥ ಚೌಕಟ್ಟಿನೊಳಗೆ ತಿರುಗುವ ಒಂದು ವಿದ್ಯುತ್ ಮಂಚ. ಯಂತ್ರದಲ್ಲಿ ಏನನ್ನೂ ಬದಲಿಸಲಿಲ್ಲ, ಗಾಳಿಯಲ್ಲಿ ಆಮ್ಲಜನಕದ ಪಾಲನ್ನು ಹೆಚ್ಚಿಸಲಿಲ್ಲ. ಆದರೂ ರಕ್ತದಲ್ಲಿ ಆಮ್ಲಜನಕದ ಒತ್ತಡ ಸರಾಸರಿ ೪೭ ಅಂಶಗಳಷ್ಟು ಏರಿತು. ಮರುವರ್ಷ ಅಮೆರಿಕದ ಮೇಯೊ ಚಿಕಿತ್ಸಾಲಯದಲ್ಲಿ ಆರು ಮಂದಿಯ ಮೇಲೆ ಇದೇ ಪ್ರಯೋಗ, ಇದೇ ಫಲ.

ಏಕೆ ಹೀಗೆ? ಮದುವೆಯ ಛತ್ರದಲ್ಲಿ ಹತ್ತಿಯ ಹಾಸಿಗೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿರುವುದನ್ನು ಎಲ್ಲರೂ ನೋಡಿರುತ್ತಾರೆ. ಮೇಲಿನ ಹಾಸಿಗೆ ಉಬ್ಬಿಕೊಂಡಿರುತ್ತದೆ, ಕೆಳಗಿನದು ಅಪ್ಪಚ್ಚಿಯಾಗಿರುತ್ತದೆ. ಅವೇ ಹಾಸಿಗೆಗಳು ಮಳೆಯಲ್ಲಿ ತೊಯ್ದಿದ್ದರೆ ಕೆಳಗಿನದರ ಗತಿ ಕೇಳುವುದೇ ಬೇಡ. ಅಂಗಾತ ಮಲಗಿದ ರೋಗಿಯ ನೀರುಂಡ ಶ್ವಾಸಕೋಶವೂ ಹೀಗೆಯೇ. ಮೇಲಿನ, ಎಂದರೆ ಎದೆಯ ಕಡೆಯ ಪದರಗಳು ಬೆನ್ನಿನ ಕಡೆಯವನ್ನು ಜಜ್ಜುತ್ತವೆ. ಇದು ಸಾಲದೆಂಬಂತೆ ಹೃದಯವೂ ಎಡಭಾಗದ ಮೇಲೆ ಭಾರ ಹಾಕುತ್ತದೆ. ಹೊಟ್ಟೆಯೊಳಗಿನ ಅಂಗಗಳು ಸಡಿಲಬಿದ್ದ ವಪೆಯನ್ನು ಬೆನ್ನಿನ ಕಡೆಯಿಂದ ಮೇಲಕ್ಕೆ ಒತ್ತುತ್ತವೆ. ಮೂರು ಹೊರೆಗಳೂ ಬೀಳುವುದು ಒಂದೇ ಕಡೆ.

ಬೋರಲು ಮಾಡಿದರೆ ಹೊರೆ ಈ ಕಡೆಯಿಂದ ಆ ಕಡೆಗೆ ಹೋಯಿತು, ಅಷ್ಟೇ ತಾನೆ? ಬೆನ್ನಿನ ಕಡೆ ಬಿಡುಗಡೆಯಾದಷ್ಟೂ ಎದೆಯ ಕಡೆ ಜಜ್ಜಿಹೋಗಬೇಕಲ್ಲ? ಜಾಣ ಓದುಗರಿಗೆ ಈ ಸಂದೇಹ ಬಂದೇ ಬರುತ್ತದೆ. ಗಟ್ಟಿನೋನಿಯವರಿಗೂ ಬಂದಿತ್ತು. ಬೋರಲು ಮಾಡಿ ಮತ್ತೆ ಸ್ಕ್ಯಾನ್ ತೆಗೆದಾಗ, ಬೆನ್ನಿನ ಕಡೆ ಕಾಣುತ್ತಿದ್ದ ಬಿಳಿಯ ಮಬ್ಬು ಸ್ವಲ್ಪ ಹೊತ್ತಿನಲ್ಲೇ ಎದೆಯ ಕಡೆಗೆ ಸರಿದಿದ್ದುದು ನಿಜ. ಆದರೆ ಲೆಕ್ಕ ಸರಿಸಮವಾಗಲಿಲ್ಲ. ಶ್ವಾಸಕೋಶದ ಆಕಾರವೇ ಹಾಗೆ: ಎದೆಯ ಕಡೆ ಅದು ಕಿರಿದು, ಬೆನ್ನಿನ ಕಡೆ ವಿಶಾಲ. ಬೋರಲು ಮಲಗಿದಾಗ ಹೃದಯ ಎದೆಯ ಮೂಳೆಯ ಮೇಲೆ ಒರಗುತ್ತದೆ. ಶ್ವಾಸಕೋಶದ ಮೇಲಿನ ಅದರ ಹೊರೆ ಬಹುಮಟ್ಟಿಗೆ ಇಳಿಯುತ್ತದೆ. ಕಿರಿದಾದ ಭಾಗ ಮುಚ್ಚಿ ವಿಶಾಲವಾದ ಭಾಗ ತೆರೆದರೆ ಲಾಭ ಯಾವ ಕಡೆ ಎಂಬುದನ್ನು ಹೇಳಬೇಕಾಗಿಲ್ಲ.

ಇನ್ನೊಂದು ವಿಚಿತ್ರವುಂಟು. ಮನುಷ್ಯ ಹೇಗೆಯೇ ಮಲಗಲಿ, ಶ್ವಾಸಕೋಶದ ರಕ್ತದ ಹೆಚ್ಚು ಪಾಲು ಹರಿಯುವುದು ಬೆನ್ನಿನ ಕಡೆಗೇ. ಅಂಗಾತ ಮಲಗಿದಾಗ ಬೆನ್ನಿನ ಕಡೆ ರಕ್ತವುಂಟು, ಗಾಳಿಯಿಲ್ಲ. ಬಾಗಿಲು ಮುಚ್ಚಿದ ನ್ಯಾಯಬೆಲೆ ಅಂಗಡಿಯ ಮುಂದೆ ಚೀಲ ಹಿಡಿದು ನಿಂತು ಬರಿಗೈಯಲ್ಲಿ ಮನೆಗೆ ಹಿಂದಿರುಗಿದವನಂತೆ, ರಕ್ತ ಆಮ್ಲಜನಕವಿಲ್ಲದೆ ಹೃದಯಕ್ಕೆ ಮರಳುತ್ತದೆ. ಬೋರಲು ಮಲಗಿಸಿದರೆ ಅಂಗಡಿಯ ಬಾಗಿಲು ತೆರೆಯುತ್ತದೆ. ಸಾಲು ಅಲ್ಲಿಯೇ ಇದೆ, ಈಗ ಸಾಮಾನೂ ಬಂದಿದೆ.

ಏರಿದ ಅಂಕಿ, ಉಳಿಯದ ಪ್ರಾಣ

ಇಷ್ಟೆಲ್ಲ ತಿಳಿದ ಮೇಲೆ ಪ್ರಪಂಚದ ಎಲ್ಲ ಆಸ್ಪತ್ರೆಗಳಲ್ಲಿಯೂ ರೋಗಿಗಳನ್ನು ಬೋರಲು ಮಲಗಿಸತೊಡಗಿದರೆ? ಇಲ್ಲ. ವೈದ್ಯಶಾಸ್ತ್ರದಲ್ಲಿ ‘ಏಕೆ’ ಎಂಬುದಕ್ಕೆ ಉತ್ತರ ದೊರೆತರೆ ಸಾಲದು, ‘ಬದುಕಿದರೇ?’ ಎಂಬುದಕ್ಕೂ ಉತ್ತರ ಬೇಕು. ಗಟ್ಟಿನೋನಿಯವರ ತಂಡವೇ ೩೦೪ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲನ್ನು ಹತ್ತು ದಿನಗಳ ಕಾಲ ದಿನಕ್ಕೆ ಕನಿಷ್ಠ ಆರು ಗಂಟೆ ಬೋರಲು ಮಲಗಿಸಿತು. ೨೦೦೧ರಲ್ಲಿ ಫಲ ಪ್ರಕಟವಾಯಿತು. ಆಮ್ಲಜನಕದ ಅಂಕಿ ಏರಿತ್ತು. ಸಾವು ಮಾತ್ರ ಎರಡು ಕಡೆಯೂ ಹೆಚ್ಚು ಕಡಿಮೆ ಅಷ್ಟೇ. ೨೦೦೪ರಲ್ಲಿ ಫ್ರಾನ್ಸಿನ ಕ್ಲೋದ್ ಗೆರಾಂ ಎಂಬ ವೈದ್ಯನ ನೇತೃತ್ವದಲ್ಲಿ ೭೯೧ ರೋಗಿಗಳ ಪರೀಕ್ಷೆ. ದಿನಕ್ಕೆ ಎಂಟು ಗಂಟೆ. ಮತ್ತೆ ಅದೇ ಕಥೆ. ೨೦೦೯ರಲ್ಲಿ ಇಟಲಿಯ ತಂಡ ಇಪ್ಪತ್ತು ಗಂಟೆಗಳವರೆಗೆ ಮಲಗಿಸಿ ೩೪೨ ಮಂದಿಯನ್ನು ಪರೀಕ್ಷಿಸಿತು. ಆಗಲೂ ಖಚಿತವಾದ ಲಾಭ ಕಾಣಲಿಲ್ಲ. ಆದರೆ ಲೆಕ್ಕಪತ್ರಗಳನ್ನು ಒಟ್ಟುಗೂಡಿಸಿ ನೋಡಿದವರಿಗೆ ಒಂದು ಹೊಳಹು ಸಿಕ್ಕಿತು: ರೋಗ ತೀರ ಉಲ್ಬಣಿಸಿದ್ದವರಿಗೆ ಇದರಿಂದ ಉಪಯೋಗವಾದಂತಿತ್ತು.

ಮೂರು ಸಲ ಸೋತ ವಿಚಾರವನ್ನು ಕೈಬಿಡುವುದು ಲೋಕರೂಢಿ. ಗೆರಾಂ ಕೈಬಿಡಲಿಲ್ಲ. ಆತ ಕೆಲಸ ಮಾಡುತ್ತಿದ್ದುದು ಲಿಯಾನ್ ನಗರದ ಕ್ರ್ವಾ-ರೂಸ್ ಗುಡ್ಡದ ಮೇಲಿನ ಆಸ್ಪತ್ರೆಯಲ್ಲಿ. ರೇಷ್ಮೆಯ ನೇಕಾರರಿಂದ ಹೆಸರಾದ ಗುಡ್ಡ ಅದು; ಕನ್ನಡನಾಡಿನ ಮಗ್ಗಗಳ ಮೇಲೂ ಕಾಣುವ ಜಕಾರ್ಡ್ ಸಾಧನ ಹುಟ್ಟಿದ್ದು ಆ ಊರಿನಲ್ಲೇ. ನೇಕಾರನ ತಾಳ್ಮೆ ಆ ಮಣ್ಣಿನ ಗುಣವಿದ್ದರೂ ಇರಬಹುದು! ಹಿಂದಿನ ಪರೀಕ್ಷೆಗಳ ಕುಂದುಗಳನ್ನು ಗೆರಾಂ ಒಂದೊಂದಾಗಿ ನೀಗಿಸಿದ. ಎಲ್ಲ ರೋಗಿಗಳನ್ನೂ ತೆಗೆದುಕೊಳ್ಳದೆ, ರೋಗ ನಿಜವಾಗಿ ತೀವ್ರವಾಗಿದ್ದವರನ್ನು ಮಾತ್ರ ಆರಿಸಿದ. ರಕ್ತದ ಆಮ್ಲಜನಕದ ಒತ್ತಡವನ್ನು ಉಸಿರಿಗೆ ಕೊಟ್ಟ ಆಮ್ಲಜನಕದ ಪಾಲಿನಿಂದ ಭಾಗಿಸಿದರೆ ಬರುವ ಅಂಕಿ ಆರೋಗ್ಯವಂತರಲ್ಲಿ ನಾಲ್ಕು ನೂರಕ್ಕೂ ಮೇಲಿರುತ್ತದೆ. ಈ ಪರೀಕ್ಷೆಗೆ ಸೇರಿದವರಲ್ಲಿ ಅದು ೧೫೦ಕ್ಕಿಂತ ಕೆಳಗಿತ್ತು. ಎರಡು ಪಾಲಿನವರಿಗೂ ೬ ಮಿಲಿಲೀಟರಿನ ಮೆಲುವಾದ ಉಸಿರನ್ನೇ ಕೊಡಲಾಯಿತು. ಬೋರಲು ಮಲಗಿಸುವುದು ಒಂದು ಸರದಿಗೆ ಕನಿಷ್ಠ ಹದಿನಾರು ಗಂಟೆ. ಎಲ್ಲಕ್ಕಿಂತ ಮುಖ್ಯವಾಗಿ, ಈ ಕೆಲಸದಲ್ಲಿ ಐದು ವರ್ಷಕ್ಕೂ ಮೀರಿ ಪಳಗಿದ ಘಟಕಗಳನ್ನೇ ಆರಿಸಲಾಯಿತು: ಫ್ರಾನ್ಸಿನಲ್ಲಿ ಇಪ್ಪತ್ತಾರು, ಸ್ಪೇಯಿನ್ನಿನಲ್ಲಿ ಒಂದು.

೨೦೧೩ರಲ್ಲಿ ಫಲ ಹೊರಬಿತ್ತು. ಒಟ್ಟು ೪೬೬ ರೋಗಿಗಳು. ಇಪ್ಪತ್ತೆಂಟು ದಿನಗಳಲ್ಲಿ ಅಂಗಾತ ಮಲಗಿದವರಲ್ಲಿ ನೂರಕ್ಕೆ ೩೨.೮ ಮಂದಿ ಸತ್ತಿದ್ದರು. ಬೋರಲು ಮಲಗಿದವರಲ್ಲಿ ೧೬. ಅರ್ಧಕ್ಕೂ ಕಡಿಮೆ! ತೊಂಬತ್ತು ದಿನಗಳ ಬಳಿಕವೂ ಅಂತರ ಉಳಿದಿತ್ತು: ೪೧ ಒಂದು ಕಡೆ, ೨೩.೬ ಇನ್ನೊಂದು ಕಡೆ. ಬೇರೆ ಮಾತಿನಲ್ಲಿ ಹೇಳುವುದಾದರೆ, ಆರು ಮಂದಿಯನ್ನು ಬೋರಲು ಮಲಗಿಸಿದರೆ ಒಂದು ಪ್ರಾಣ ಹೆಚ್ಚಾಗಿ ಉಳಿಯುತ್ತದೆ. ಹೊಸ ಔಷಧಿಯಿಲ್ಲ, ಹೊಸ ಯಂತ್ರವಿಲ್ಲ. ತೀವ್ರ ನಿಗಾ ಚಿಕಿತ್ಸೆಯ ಚರಿತ್ರೆಯಲ್ಲಿ ಇಷ್ಟು ಅಗ್ಗದ ವೆಚ್ಚದಲ್ಲಿ ಇಷ್ಟು ದೊಡ್ಡ ಲಾಭ ತಂದ ಉಪಾಯಗಳು ಬೆರಳೆಣಿಕೆಯಷ್ಟೂ ಇಲ್ಲವೆಂದರೆ ಉತ್ಪ್ರೇಕ್ಷೆಯಾಗದು.

ಆದರೆ ಈ ಕಥೆಯ ತಿರುಳು ಇರುವುದು ಮುಂದೆ. ಮರುವರ್ಷ, ೨೦೧೪ರಲ್ಲಿ, ಅದೇ ರೋಗಿಗಳ ಲೆಕ್ಕವನ್ನು ಮತ್ತೆ ಬಿಡಿಸಿ ನೋಡಲಾಯಿತು. ಬೋರಲು ಮಾಡಿದಾಗ ಯಾರ ಆಮ್ಲಜನಕ ಹೆಚ್ಚು ಏರಿತೋ ಅವರೇ ಹೆಚ್ಚಾಗಿ ಬದುಕಿರಬೇಕಲ್ಲವೆ? ಹಾಗಾಗಿರಲಿಲ್ಲ! ಅಂಕಿ ಏರಿದವರೂ ಏರದವರೂ ಬಹುಮಟ್ಟಿಗೆ ಒಂದೇ ಪ್ರಮಾಣದಲ್ಲಿ ಲಾಭ ಪಡೆದಿದ್ದರು. ಎಂದರೆ, ನಾಲ್ವತ್ತು ವರ್ಷಗಳ ಕಾಲ ವೈದ್ಯರು ಯಾವ ಅಂಕಿಯನ್ನು ನೋಡಿ ಹಿಗ್ಗುತ್ತಿದ್ದರೋ, ಪ್ರಾಣ ಉಳಿಸಿದ್ದು ಅದಲ್ಲ. ಬೋರಲು ಮಲಗಿದಾಗ ಯಂತ್ರದ ಗಾಳಿ ಶ್ವಾಸಕೋಶದಲ್ಲಿ ಸಮನಾಗಿ ಹರಡುತ್ತದೆ. ಕೆಲವೇ ಗೂಡುಗಳು ಉಬ್ಬಿ ಹರಿಯುವುದೂ, ಉಳಿದವು ಪ್ರತಿ ಉಸಿರಿಗೂ ಮುಚ್ಚಿ ತೆರೆದು ಸವೆಯುವುದೂ ಕಡಿಮೆಯಾಗುತ್ತದೆ. ಬದುಕಿಸಲೆಂದು ತಂದ ಯಂತ್ರದಿಂದಲೇ ಶ್ವಾಸಕೋಶವನ್ನು ಕಾಪಾಡಬೇಕಾಗಿತ್ತು; ಬೋರಲು ಮಾಡಿದ್ದು ಆ ಕಾಪಾಡುವ ಕೆಲಸವನ್ನು. ತಿರುಗಿಸಿದ ಒಂದು ಗಂಟೆಯಲ್ಲಿ ಅಂಕಿ ಏರಲಿಲ್ಲವೆಂದು ರೋಗಿಯನ್ನು ಮತ್ತೆ ಅಂಗಾತ ಮಾಡಿಬಿಡುವ ವೈದ್ಯ, ತಿಳಿಯದೆ ಆತನಿಗೆ ಅನ್ಯಾಯ ಮಾಡಿದಂತಾಗುತ್ತದೆ.

ಐದು ಜೊತೆ ಕೈಗಳು

ಪ್ರಜ್ಞೆಯಿಲ್ಲದ, ಎಂಬತ್ತು ಕಿಲೋಗ್ರಾಂ ತೂಗುವ ದೇಹವನ್ನು ತಿರುಗಿಸುವುದು ಹುಡುಗಾಟವಲ್ಲ. ಬಾಯಲ್ಲಿ ಉಸಿರಿನ ನಳಿಕೆ, ಕತ್ತಿನ ರಕ್ತನಾಳದಲ್ಲಿ ಔಷಧಿಯ ಕೊಳವೆ, ಮೂಗಿನಿಂದ ಜಠರಕ್ಕೆ ಇಳಿದ ಆಹಾರದ ಕೊಳವೆ, ಮೂತ್ರದ ಕೊಳವೆ, ಮೈತುಂಬ ತಂತಿಗಳು. ಇವುಗಳಲ್ಲಿ ಒಂದು ಕಿತ್ತುಬಂದರೂ ಅನರ್ಥ. ಉಸಿರಿನ ನಳಿಕೆಯೇ ಕಿತ್ತುಬಂದರೆ ನಿಮಿಷಗಳಲ್ಲಿ ಪ್ರಾಣಾಪಾಯ. ಆದಕಾರಣ ಈ ಕೆಲಸಕ್ಕೆ ಸಾಮಾನ್ಯವಾಗಿ ಐವರು ಸೇರುತ್ತಾರೆ. ತಲೆಯ ಬಳಿ ನಿಲ್ಲುವವನು ನಾಯಕ. ಆತನ ಎರಡು ಕೈಗಳೂ ನಳಿಕೆಯನ್ನೂ ತಲೆಯನ್ನೂ ಬಿಟ್ಟು ಅಲುಗುವಂತಿಲ್ಲ. ಉಳಿದ ನಾಲ್ವರು ಮಗ್ಗುಲಿಗೆ ಇಬ್ಬಿಬ್ಬರಂತೆ.

ಮೊದಲು ಕೊಳವೆಯ ಆಹಾರವನ್ನು ನಿಲ್ಲಿಸಿ ಜಠರವನ್ನು ಬರಿದು ಮಾಡುತ್ತಾರೆ. ಕಣ್ಣಿಗೆ ಮುಲಾಮು ಹಚ್ಚಿ ರೆಪ್ಪೆ ತೆರೆಯದಂತೆ ಪಟ್ಟಿ ಅಂಟಿಸುತ್ತಾರೆ. ನಳಿಕೆ ಹಲ್ಲಿನ ಬಳಿ ಎಷ್ಟನೆಯ ಗೆರೆಯಲ್ಲಿದೆ ಎಂಬುದನ್ನು ಬರೆದಿಡುತ್ತಾರೆ. ಎದೆಗೂ ಸೊಂಟಕ್ಕೂ ದಿಂಬುಗಳನ್ನಿಟ್ಟು, ಮೇಲೊಂದು ದುಪ್ಪಟಿ ಹೊದಿಸಿ, ಕೆಳಗಿನ ದುಪ್ಪಟಿಯ ಅಂಚನ್ನೂ ಮೇಲಿನದರ ಅಂಚನ್ನೂ ಸೇರಿಸಿ ಬಿಗಿಯಾಗಿ ಸುರುಳಿ ಸುತ್ತುತ್ತಾರೆ; ರೋಗಿ ಕಡುಬಿನ ಹೂರಣದಂತೆ ನಡುವೆ ಭದ್ರವಾಗುತ್ತಾನೆ. ನಾಯಕ “ಒಂದು, ಎರಡು, ಮೂರು” ಎನ್ನುತ್ತಾನೆ. ಮೊದಲನೆಯ ಎಣಿಕೆಗೆ ದೇಹ ಮಂಚದ ಒಂದು ಅಂಚಿಗೆ ಸರಿಯುತ್ತದೆ; ಎರಡನೆಯ ಎಣಿಕೆಗೆ ಮಗ್ಗುಲಾಗಿ ನಿಲ್ಲುತ್ತದೆ; ಒಂದು ಕ್ಷಣ ತಡೆದು ಎಲ್ಲ ಕೊಳವೆಗಳನ್ನೂ ನೋಡಿಕೊಂಡು, ಮೂರನೆಯ ಎಣಿಕೆಗೆ ಬೋರಲಾಗುತ್ತದೆ. ಎದೆಯ ಮೇಲಿದ್ದ ಹೃದಯಪರೀಕ್ಷೆಯ ತಂತಿಗಳು ಈಗ ಬೆನ್ನಿಗೆ. ಮುಖ ಒಂದು ಪಕ್ಕಕ್ಕೆ. ಆ ಪಕ್ಕದ ತೋಳು ಮೇಲಕ್ಕೆ, ಇನ್ನೊಂದು ತೋಳು ಸೊಂಟದ ಬಳಿ. ಕೆರೆಯಲ್ಲಿ ಈಜುವವನು ನಡುವೆ ನಿಂತುಬಿಟ್ಟಂಥ ಭಂಗಿ. ಎರಡು ಗಂಟೆಗೊಮ್ಮೆಯೋ ಸ್ವಲ್ಪ ಹೆಚ್ಚಿನ ಅಂತರದಲ್ಲೋ ಮುಖವನ್ನೂ ತೋಳನ್ನೂ ಅದಲು ಬದಲು ಮಾಡಬೇಕು. ಇಲ್ಲವಾದರೆ ತೋಳಿನ ನರಕ್ಕೆ ಪೆಟ್ಟು.

ದೋಷಗಳಿಲ್ಲವೆಂದಲ್ಲ. ಕೆನ್ನೆ, ಗಲ್ಲ, ಎದೆ, ಮಂಡಿಗಳ ಮೇಲೆ ಒತ್ತಡದ ಹುಣ್ಣುಗಳು ಹೆಚ್ಚು. ಮುಖ ಊದಿಕೊಂಡು ಗುರುತು ಸಿಗದಂತಾಗುತ್ತದೆ. ಬೆನ್ನುಮೂಳೆ ಮುರಿದು ಭದ್ರವಿಲ್ಲದವರನ್ನೂ, ಎದೆಯ ಶಸ್ತ್ರಕ್ರಿಯೆ ಈಗಷ್ಟೆ ಆದವರನ್ನೂ ಹೀಗೆ ಮಲಗಿಸುವುದು ಅಪಾಯ. ಆದರೆ ಎಲ್ಲರೂ ಹೆದರುತ್ತಿದ್ದ ಹೃದಯಸ್ತಂಭನ ಲಿಯಾನಿನ ಪರೀಕ್ಷೆಯಲ್ಲಿ ಬೋರಲು ಮಲಗಿದವರಲ್ಲಿ ಹದಿನಾರು ಮಂದಿಗೆ ಮಾತ್ರ ಆಯಿತು, ಅಂಗಾತ ಮಲಗಿದವರಲ್ಲಿ ಮೂವತ್ತೊಂದು ಮಂದಿಗೆ. ಪಳಗಿದ ಕೈಗಳು ಬೇಕೆಂದು ಗೆರಾಂ ಹಟ ಹಿಡಿದಿದ್ದು ಸುಮ್ಮನೆ ಅಲ್ಲ.

ಈ ಕೈಗಳ ಕೊರತೆಯೇ ಬಹುಶಃ ಮುಂದಿನ ವಿಷಾದಕರ ಸಂಗತಿಗೂ ಒಂದು ಕಾರಣ. ೨೦೧೪ರಲ್ಲಿ ಐವತ್ತು ದೇಶಗಳ ೪೫೯ ಘಟಕಗಳಲ್ಲಿ ಸಮೀಕ್ಷೆ ನಡೆಯಿತು. ಲಿಯಾನಿನ ಫಲ ಪ್ರಕಟವಾಗಿ ವರ್ಷ ತುಂಬುತ್ತ ಬಂದಿದ್ದರೂ, ಅತಿ ತೀವ್ರವಾದ ವ್ಯಾಧಿಯಲ್ಲಿಯೂ ಬೋರಲು ಮಲಗಿಸಿದ್ದು ನೂರಕ್ಕೆ ೧೬.೩ ಮಂದಿಯನ್ನು ಮಾತ್ರ. ಎಷ್ಟೋ ಕಡೆ ವೈದ್ಯರು ರೋಗ ಈ ಲಕ್ಷಣಕೂಟವೆಂದು ಗುರುತಿಸಿಯೇ ಇರಲಿಲ್ಲ.

ಅಂದ ಹಾಗೆ, ಬೋರಲೊಂದೇ ಭಂಗಿಯಲ್ಲ. ಒಂದೇ ಪಕ್ಕದ ಶ್ವಾಸಕೋಶ ಕೆಟ್ಟಿದ್ದರೆ ಒಳ್ಳೆಯ ಪಕ್ಕ ಕೆಳಗಿರುವಂತೆ ಮಗ್ಗುಲಾಗಿಸುವುದುಂಟು. ಅಂಗಾತ ಇರುವವರಿಗೆ ತಲೆಯ ಕಡೆಯನ್ನು ಮೂವತ್ತರಿಂದ ನಾಲ್ವತ್ತೈದು ಡಿಗ್ರಿ ಎತ್ತರಿಸುತ್ತಾರೆ. ಜಠರದ ದ್ರವ ಗಂಟಲಿಗೇರಿ ಶ್ವಾಸಕೋಶಕ್ಕೆ ಸೋರದಿರಲೆಂದು ಈ ಉಪಾಯ. ೧೯೯೯ರಲ್ಲಿ ಬಾರ್ಸಿಲೋನದಲ್ಲಿ ೮೬ ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಚಪ್ಪಟೆಯಾಗಿ ಮಲಗಿದವರಲ್ಲಿ ನೂರಕ್ಕೆ ೩೪ ಮಂದಿಗೆ ನ್ಯುಮೋನಿಯದ ಶಂಕೆ ಕಂಡರೆ, ತಲೆ ಎತ್ತರಿಸಿದವರಲ್ಲಿ ೮ ಮಂದಿಗೆ ಮಾತ್ರ.

ದಿಂಬುಗಳ ಕಾಲ

೨೦೨೦ರಲ್ಲಿ ಕೋವಿಡ್ ಬಂತು. ಇಟಲಿಯ ಇಪ್ಪತ್ತನಾಲ್ಕು ಘಟಕಗಳಲ್ಲಿ ಯಂತ್ರದ ಮೇಲಿದ್ದ ೧,೦೫೭ ರೋಗಿಗಳಲ್ಲಿ ನೂರಕ್ಕೆ ೬೧ ಮಂದಿಯನ್ನು ಬೋರಲು ಮಲಗಿಸಲಾಯಿತು. ವರ್ಷಗಟ್ಟಲೆ ಉಪನ್ಯಾಸಗಳು ಮಾಡಲಾಗದ ಕೆಲಸವನ್ನು ಒಂದು ಮಾರಿ ಕೆಲವೇ ವಾರಗಳಲ್ಲಿ ಮಾಡಿಸಿತು. ಯಂತ್ರದ ಮೇಲಿಲ್ಲದೆ, ಎಚ್ಚರವಾಗಿದ್ದು ತಾವೇ ಉಸಿರಾಡುತ್ತಿದ್ದ ರೋಗಿಗಳನ್ನೂ ಬೋರಲು ಮಲಗಲು ಹೇಳುವ ಪದ್ಧತಿ ಹಬ್ಬಿತು. ಆರು ದೇಶಗಳಲ್ಲಿ ಸಾವಿರದ ನೂರಕ್ಕೂ ಹೆಚ್ಚು ಮಂದಿಯ ಮೇಲೆ ನಡೆದ ಪರೀಕ್ಷೆಯ ಫಲ ೨೦೨೧ರಲ್ಲಿ ಬಂತು. ಕೊಳವೆ ಹಾಕಬೇಕಾದ ಅಥವಾ ಸಾವು ಸಂಭವಿಸಿದ ಪ್ರಸಂಗಗಳು ನೂರಕ್ಕೆ ೪೬ರಿಂದ ೪೦ಕ್ಕೆ ಇಳಿದಿದ್ದವು. ಅವರೆಲ್ಲರೂ ಆಸ್ಪತ್ರೆಯಲ್ಲಿ, ವೇಗವಾಗಿ ಹರಿಯುವ ಆಮ್ಲಜನಕ ಪಡೆಯುತ್ತಿದ್ದವರು ಎಂಬುದನ್ನು ಮರೆಯಬಾರದು.

೨೦೨೧ರ ಏಪ್ರಿಲ್ ತಿಂಗಳು ಬೆಂಗಳೂರಿನ ಎಷ್ಟೋ ಸಂಸಾರಗಳಿಗೆ ಇನ್ನೂ ನೆನಪಿನಿಂದ ಮಾಸಿಲ್ಲ. ಆಸ್ಪತ್ರೆಯಲ್ಲಿ ಹಾಸಿಗೆಯಿಲ್ಲ, ಆಮ್ಲಜನಕದ ಸಿಲಿಂಡರಿಗೆ ಪರದಾಟ. ಆಗ ಕೇಂದ್ರ ಆರೋಗ್ಯ ಸಚಿವಾಲಯ ಚಿತ್ರಸಹಿತವಾದ ಸೂಚನೆಯೊಂದನ್ನು ಹೊರಡಿಸಿತು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನ ಅಂಕಿ ೯೪ಕ್ಕಿಂತ ಕೆಳಗಿಳಿದರೆ ಬೋರಲು ಮಲಗಬೇಕು; ಕತ್ತಿನ ಕೆಳಗೆ ಒಂದು ದಿಂಬು, ಎದೆಯಿಂದ ತೊಡೆಯವರೆಗೆ ಒಂದೆರಡು, ಮೊಣಕಾಲಿನ ಕೆಳಗೆ ಎರಡು; ಊಟವಾದ ಒಂದು ಗಂಟೆಯೊಳಗೆ ಮಲಗಕೂಡದು; ಗರ್ಭಿಣಿಯರೂ ತೀವ್ರ ಹೃದ್ರೋಗಿಗಳೂ ಇದನ್ನು ಮಾಡಕೂಡದು. ಮನೆಯ ದಿಂಬುಗಳೆಲ್ಲ ಒಂದು ಕೋಣೆ ಸೇರಿದವು. ಆಕ್ಸಿಮೀಟರಿನ ಕೆಂಪು ಅಂಕಿಯನ್ನೇ ನೋಡುತ್ತ ರಾತ್ರಿ ಕಳೆದ ಮಕ್ಕಳೆಷ್ಟೋ! ಹಾಸಿಗೆ ದೊರೆಯುವವರೆಗೆ ಕಾಲ ತಳ್ಳಲು ಅದು ಕೆಲವರಿಗೆ ನೆರವಾಗಿರಬಹುದು. ಆಸ್ಪತ್ರೆಗೆ ಬದಲಾಗಿ ದಿಂಬನ್ನೇ ನೆಚ್ಚಿ ಕುಳಿತರೆ ಅನಾಹುತವಾಗುವುದಂತೂ ಖಂಡಿತ.

ತಾಯಂದಿರಿಗೆ ಒಂದು ಎಚ್ಚರಿಕೆಯನ್ನೂ ಇಲ್ಲಿಯೇ ಹೇಳಬೇಕು. ಮಗು ಮೊದಲ ಸಲ ಬೋರಲು ಬಿದ್ದರೆ ಮನೆಯಲ್ಲಿ ಸಂಭ್ರಮ ಸಹಜ. ಆದರೆ ಮನೆಯಲ್ಲಿ ಎಳೆಯ ಕೂಸನ್ನು ನಿದ್ರೆಗೆ ಮಲಗಿಸುವುದು ಅಂಗಾತವಾಗಿಯೇ. ಬೋರಲು ಮಲಗಿಸಿದ ಕೂಸುಗಳು ನಿದ್ರೆಯಲ್ಲೇ ಹಠಾತ್ತನೆ ಸಾಯುವ ಸಂಭವ ಹೆಚ್ಚೆಂಬುದು ಸಿದ್ಧವಾಗಿದೆ. ಯಂತ್ರದ ಮೇಲಿರುವ ರೋಗಿಯ ನಿಯಮವನ್ನು ತೊಟ್ಟಿಲಿಗೆ ತರಕೂಡದು. ಆ ಮಟ್ಟಿಗೆ ಅಜ್ಜಿಯ ಮಾತು ಗೆದ್ದಿತು.

ಹದಿನಾರು ಗಂಟೆ ಮುಗಿಯುತ್ತ ಬಂದಾಗ ಐವರು ಮತ್ತೆ ಮಂಚದ ಸುತ್ತ ನಿಲ್ಲುತ್ತಾರೆ. ಅದೇ ಸುರುಳಿ, ಅದೇ ಎಣಿಕೆ, ಈಗ ಹಿಮ್ಮುಖವಾಗಿ. ಅಂಗಾತ ಮಾಡಿ ನಾಲ್ಕು ಗಂಟೆ ಕಾಯುತ್ತಾರೆ. ಆ ಬಳಿಕವೂ ಅಂಕಿ ೧೫೦ರ ಮೇಲೆಯೇ ನಿಂತು, ಯಂತ್ರದ ಒತ್ತಡವನ್ನೂ ಆಮ್ಲಜನಕವನ್ನೂ ತಗ್ಗಿಸಲು ಸಾಧ್ಯವಾಗಿದ್ದರೆ ಮತ್ತೆ ಬೋರಲು ಮಾಡುವ ಅಗತ್ಯವಿಲ್ಲ. ನಿಲ್ಲದಿದ್ದರೆ ಮತ್ತೆ ಹದಿನಾರು ಗಂಟೆ. ಲಿಯಾನಿನ ಪರೀಕ್ಷೆಯಲ್ಲಿ ಒಬ್ಬೊಬ್ಬ ರೋಗಿಗೆ ಸರಾಸರಿ ನಾಲ್ಕು ಸರದಿಗಳು ಬೇಕಾಗಿದ್ದವು.

ಗಾಜಿನ ಹೊರಗೆ ಕಾಯುವ ಗೃಹಿಣಿಗೆ ಆ ಬೆಳಿಗ್ಗೆ ಪತಿಯ ಮುಖ ಕಾಣುತ್ತದೆ. ಕಣ್ಣಿನ ಸುತ್ತ ಬಾವು, ಕೆನ್ನೆಯ ಮೇಲೆ ದಿಂಬಿನ ಗೆರೆ, ತುಟಿ ದಪ್ಪಗೆ. ಬಾವು ತಾನಾಗಿ ಇಳಿಯುತ್ತದೆಂದು ದಾದಿ ಹೇಳಿ, ಕಣ್ಣಿನ ಪಟ್ಟಿಯನ್ನು ಮೆಲ್ಲನೆ ಬಿಡಿಸಿ, ಹತ್ತಿಯಿಂದ ರೆಪ್ಪೆಯನ್ನು ಒರಸುತ್ತಾಳೆ.